ಇಬ್ಬರಿಗೇ ಅಂತ ಕೊಟ್ಟ ಸಿಲೋನ್ ಟಿಕೀಟು

ದಾವಣಗೆರೆ
೪-೩-೧೯೫೭, ಸೋಮವಾರ

ಮಾಯಕೊಂಡದ ಶಾಲೆಯಾಗೆ ಏಳು ವರ್ಷ ನನ್ನ ಬಗಲಿಗೇ ಕೂತು, ನನ್ನ ಬಳಪ ಎಲ್ಲಾ ತಿಂದು ಮುಗಿಸಿದ ಗೆಳತಿ ಶಹರ್ಬಾನುಗೆ ಕೊಟ್ರವ್ವ ಮಾಡುವ ನಮಸ್ಕಾರಗಳು. ನಿಮ್ಮನೆಯೋರಿಗೆ, ಅಮೀರ್ ಜಾನ್ ಅಣ್ಣಾರಿಗೆ, ನನ್ನ ಸಲಾಂ ಹೇಳು.

ಉಭಯ ಕುಶಲೋಪರಿ ಅಂತ ಮೇಷ್ಟ್ರು ಕಲಿಸಿದಂಗೆ ಶುರು ಮಾಡಿದ್ರೆ ನೀನು ಕಾಗದ ಎತ್ತಿ ಒಲೆಗೆ ಹಾಕ್ತೀ ಅಂತ ಗೊತ್ತು. ಅದಕ್ಕೆ ನೆಟ್ಟಗೆ ಹೇಳ್ತೀನಿ. ನಾವು ಚೆನ್ನಾಗಿದ್ದೀವಿ, ಚಿತ್ರದುರ್ಗದಾಗೆ ನೀವೂ ಎಲ್ಲರೂ ಚೆನ್ನಾಗಿರ್ರಿ. ತಡ ಆತು, ಬೈಬ್ಯಾಡ. ನಾವು ಊರಿಗೆ ಬಂದು ಮೂರು ವಾರ ಆತು, ನಿನ್ನ ಕಾರ್ಡು ಬಂದು ಹದಿನೈದು ದಿನ. ಬಂದೋರಿಗೆಲ್ಲಾ ಸಿಲೋನ್ ಕಥೆ ಹೇಳಿ ಹೇಳಿ ನನ್ನ ಗಂಟಲು ಕೂತೈತೆ. ಹಡಗು ಹೆಂಗೈತೆ, ಸಮುದ್ರ ನಮ್ಮ ಹೊಳೆಗಿಂತ ದೊಡ್ಡದೇನು, ಅಲ್ಲಿ ಜನ ಏನು ಉಡ್ತಾರೆ, ಏನು ಉಣ್ತಾರೆ, ಓಣಿ ಹೆಂಗಸರು ಒಬ್ಬೊಬ್ಬರೂ ಬಂದು ಕೂಡೋದು. ಅದರ ಮೇಲೆ ಶಿವರಾತ್ರಿ ಬಂತು, ಮಾಳಿಗೆ ಮೇಲೆ ಮೆಣಸಿನಕಾಯಿ ಒಣಗಿಸೋದು ಬಂತು. ಇನ್ನು ಎಲೆಕ್ಷನ್ ಮೈಕಿನ ಕಾರು ಹಗಲೆಲ್ಲಾ ಒದರ್ತಾ ತಿರುಗ್ತೈತೆ, ಎರಡು ಸಾಲು ಯೋಚನೆ ಮಾಡಿ ಬರೆಯಾಕೂ ಬಿಡಲ್ಲ.

ನೀನು ಕಾರ್ಡಿನಾಗೆ ಬರೆದಿದ್ದು ಒಂದೇ ಸಾಲು. "ಕೇಳಿದ್ಯಾ ಇಲ್ವಾ?" ಅಲ್ಲ, ನಿನಗೆ ಬುದ್ಧಿ ಐತೇನೇ? ಅದನ್ನ ಅಂಚೆಯೋನು ಓದಿದ, ಪಡಸಾಲೆಯಾಗೆ ಕೂತಿದ್ದ ನಮ್ಮ ಅತ್ತೆಯೋರು ಹುಡುಗರ ಕೈಲಿ ಓದಿಸಿದ್ರು. "ಏನೇ ಅದು ಕೇಳೋದು?" ಅಂದ್ರು. "ಸಿಲೋನಿನಾಗೆ ಲವಂಗದ ರೇಟು ಎಷ್ಟು ಅಂತ ಕೇಳು ಅಂದಿದ್ಲು" ಅಂತ ಸುಳ್ಳು ಹೇಳಿ ತಪ್ಪಿಸ್ಕೊಂಡೆ. ಇನ್ಮೇಲೆ ಏನಿದ್ರೂ ಕವರಿನಾಗೆ ಬರಿ, ಮಾರಾಯ್ತಿ.

ಕೇಳಿದೆ. ಹೆದರಬ್ಯಾಡ, ಕೇಳೇ ಬಂದೆ. ಆದ್ರೆ ಮೊದಲಿಂದ ಹೇಳ್ತೀನಿ, ನಡುವೆ ಹಾಳೆ ಹಾರಿಸಿ ಕೊನೇದು ಓದಬ್ಯಾಡ.

ನನ್ನ ಪಾಡು ನಿನಗೆ ಹೊಸದಲ್ಲ. ಹತ್ತೊಂಬತ್ತು ಜನದ ಮನೆ, ನಾನು ಕಿರಿ ಸೊಸೆ. ನಮ್ಮನೆಯೋರು ಮುಂಜಾನೆ ಏಳರ ರೈಲಿಗೆ ಹರಿಹರದ ಕಾರ್ಖಾನೆಗೆ ಹೋದ್ರೆ ಬರೋದು ಸಂಜೆಗೆ. ಬಂದಮೇಲೆ ಅಣ್ಣನ ಜೊತೆ ಪಡಸಾಲೆಯಾಗೆ ಕೂಡ್ತಾರೆ, ನಾನು ಒಲೆ ಮುಂದೆ. ಹನ್ನೆರಡು ವರ್ಷದಾಗೆ ಎರಡು ಮಕ್ಕಳಾದ್ವು ಅನ್ನೋದು ಖರೆ, ಆದ್ರೆ ನಾವಿಬ್ರೂ ಎದುರಾಬದುರು ಕೂತು ಹತ್ತು ಮಾತು ಆಡಿದ್ದು ನನಗೆ ನೆನಪಿಲ್ಲ. ಆಡೋದು ತಪ್ಪು ಅಂತಲ್ಲ, ಯಾರಾದ್ರೂ ಬಂದುಬಿಡ್ತಾರೆ ಅಂತ. ಏನಾದ್ರೂ ಬೇಕಾದ್ರೆ ನನ್ನ ಮುಂದೇ ಮಗಳಿಗೆ "ನಿಮ್ಮವ್ವಂಗೆ ಹೇಳು" ಅಂತಾರೆ. ಆರು ವರ್ಷದ ಹಿಂದೆ ಕಾರ್ಖಾನೆಯೋರು ಹರಿಹರದಾಗೆ ಕ್ವಾರ್ಟರ್ಸ್ ಕೊಡ್ತೀವಿ ಅಂದಿದ್ರು. ಇವರು ತಗೊಳ್ಳಲಿಲ್ಲ. "ಅಣ್ಣ ಏನಂತಾನೋ, ಅವ್ವ ಏನಂತಾಳೋ" ಅಂತ ಒಂದು ಸಲ ಗೊಣಗಿದ್ರು, ಅಷ್ಟೇ. ಈಗ ಹೊಸ ಸಾಲು ಮನೆ ಕಟ್ಟೀದಾರಂತೆ, ಯುಗಾದಿಯೊಳಗೆ ಹೆಸರು ಕೊಡಬೇಕಂತೆ. ಇದು ತಪ್ಪಿದ್ರೆ ಆತು, ಇನ್ನು ನನ್ನ ಜನ್ಮಕ್ಕೆ ನನ್ನ ಒಲೆ ಅಂತ ಒಂದು ಇರಲ್ಲ ಅಂದ್ಕೊಂಡಿದ್ದೆ. ಸಿಲೋನಿಗೆ ಹೋದಾಗ ಕೇಳಲೇಬೇಕು ಅಂತ ನಿನ್ನ ಮುಂದೆ ಆಣೆ ಮಾಡಿದ್ದು ಅದಕ್ಕೇ.

ಸಿಲೋನಿನ ಟಿಕೀಟು ನಮ್ಮದಲ್ಲ, ನಮ್ಮ ದೊಡ್ಡ ಭಾವ ಗುತ್ತೆಪ್ಪನೋರದ್ದು. ಚೌಕದಾಗೆ ಅವರದ್ದು ಟೀಪುಡಿ ಏಜೆನ್ಸಿ ಐತಲ್ಲ, ಈ ಸಲ ಜಿಲ್ಲೆಗೇ ಹೆಚ್ಚು ಪುಡಿ ಮಾರೀದಾರೆ ಅಂತ ಕಂಪನಿಯೋರು ಗಂಡ ಹೆಂಡತಿ ಇಬ್ಬರಿಗೂ ಹನ್ನೆರಡು ದಿನ ಸಿಲೋನ್ ತೋರಿಸ್ತೀವಿ ಅಂತ ಬರೆದ್ರು. ಆದ್ರೆ ನಮ್ಮ ನೆಗೆಣ್ಣಿ ಅಂಜಿನಕ್ಕ ಹರಿಹರದ ಬಸ್ಸು ಹತ್ತಿದ್ರೇ ಸೆರಗು ಬಾಯಿಗೆ ಹಿಡೀತಾಳೆ, ಹಡಗಂತೂ ಕನಸಿನಾಗೂ ಬ್ಯಾಡ ಅಂದ್ಲು. ಆಗ ಭಾವನೋರು ಇವರನ್ನ ಕರೆದು, "ಮಲ್ಲೇಶ, ನೀನು ಹೋಗಿ ಬಾ. ಕೊಟ್ರವ್ವನ್ನೂ ಕರ್ಕೊಂಡು ಹೋಗು. ಪಾಪ, ಅವಳು ಏನು ನೋಡೀದಾಳೆ?" ಅಂದ್ರು. ಇವರು ಉಗುರು ನೋಡ್ತಾ ನಿಂತು ಏನಂದ್ರು ಗೊತ್ತಾ? "ಅಂಗಡಿ ಗುಮಾಸ್ತ ಸೂರಪ್ಪ ನನ್ನ ಜೊತೆ ಬಂದ್ರೆ ಆಗಲ್ವಾ?" ಅಂದ್ರು! ಕಂಪನಿಯೋರು ಆಗಲ್ಲ, ಹೆಂಡತಿ ಜೊತೆಗಾದ್ರೆ ಮಾತ್ರ ಅಂತ ಬರೆದದ್ದಕ್ಕೆ ನಾನು ಹೋಗಿದ್ದು. ನನಗೆ ಆವತ್ತು ಎಂಥ ಸಿಟ್ಟು ಬಂದಿತ್ತು ಅಂದ್ರೆ ರೊಟ್ಟಿ ಬಡಿಯೋ ಸಪ್ಪಳಕ್ಕೆ ಪಕ್ಕದ ಮನೆಯೋರು ಬಂದು ಏನಾತು ಅಂತ ಕೇಳಿದ್ರು.

ಅತ್ತೆಯೋರು ಮೊದಲು "ಸಮುದ್ರ ದಾಟಿ ರಾಕ್ಷಸರ ಊರಿಗೆ ಯಾಕ?" ಅಂದ್ರು. ಆಮೇಲೆ "ಹೋಗ್ತೀಯಲ್ಲ, ಏಲಕ್ಕಿ ತಾ" ಅಂದ್ರು. ನಾನು ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಒಂದು ದೊಡ್ಡ ಚೀಲ ಮಂಡಕ್ಕಿ ಕಟ್ಟಿಕೊಂಡೆ. ಮಂಡಕ್ಕಿ ನೋಡಿ ಇವರು "ದೇಶ ಬಿಟ್ಟು ದೇಶಕ್ಕೆ ಹೋಗೋರು ಮಂಡಕ್ಕಿ ಒಯ್ತಾರಾ?" ಅಂತ ಮಗಳಿಗೆ ಹೇಳಿದ್ರು. "ಒಯ್ತಾರೆ ಅಂತ ಹೇಳು" ಅಂತ ನಾನೂ ಮಗಳಿಗೇ ಹೇಳಿದೆ.

ಮದ್ರಾಸಿನ ತನಕ ನನ್ನನ್ನ ಹೆಂಗಸರ ಡಬ್ಬಿಯಾಗೆ ಕೂಡಿಸಿ ತಾವು ಬೇರೆ ಕೂತ್ರು. ಅಲ್ಲಿ ಉಳಿದ ಏಜೆಂಟರು, ಅವರ ಹೆಂಡಂದಿರು ಎಲ್ಲಾ ಸೇರಿದ್ರು. ಅವರಾಗೆ ಬಳ್ಳಾರಿ ಕಡೆ ಸುಂಕಲಮ್ಮ ಅನ್ನೋರು ನನಗೆ ಬಾಳ ಹಿಡಿಸಿದ್ರು. ಐವತ್ತು ವರ್ಷದ ದಪ್ಪ ಹೆಂಗಸು. ಗಂಡನ್ನ ಎಲ್ಲರ ಎದುರಿಗೇ "ಏ, ಟೋಪಿ ಸರಿ ಮಾಡ್ಕೋ, ಎಲ್ಲಿ ನೋಡ್ತೀಯ?" ಅಂತ ಗದರಿಸ್ತಾರೆ. ಅವರೂ ನಗ್ತಾ ಟೋಪಿ ಸರಿ ಮಾಡ್ಕೊಂತಾರೆ. ನಾನು ಬಾಯಿ ಬಿಟ್ಟು ನೋಡ್ತಿದ್ದೆ.

ಧನುಷ್ಕೋಟಿಗೆ ಹೋದ್ರೆ ರೈಲು ಸಮುದ್ರದ ದಂಡೆಗೇ ನಿಲ್ತೈತೆ, ಇಳಿದು ಹಂಗೇ ಹಡಗು ಹತ್ತೋದು. ಹಡಗು ಅಲ್ಲಾಡಾಕೆ ಶುರು ಆದ ಮೇಲೆ ಹೆಂಗಸರೆಲ್ಲಾ ಮಲಗಿಬಿಟ್ರು. ನನಗೇನೂ ಆಗಲಿಲ್ಲ ಬಾನು, ಹೊಟ್ಟೆಯಾಗಿನ ನೀರೂ ಅಲ್ಲಾಡಲಿಲ್ಲ. ಕಂಬಿ ಹಿಡ್ಕೊಂಡು ನಿಂತು ನೀರು ನೋಡಿದ್ದೇ ನೋಡಿದ್ದು. ಆದ್ರೆ ಇವರ ಮುಖ ಹಸಿ ಸುಣ್ಣ ಬಳಿದಂಗೆ ಆಗಿಬಿಡ್ತು. ಕಂಬಿ ಮೇಲೆ ಬಗ್ಗಿ ವಾಂತಿ ಮಾಡಾಕೆ ಹತ್ತಿದ್ರು. ನಾನು ಹೋಗಿ ಹಣೆ ಹಿಡ್ಕೊಂಡೆ. "ಜನ ನೋಡ್ತಾರೆ, ಬಿಡು" ಅಂದ್ರು. ಬಿಟ್ಟೆ. ಮತ್ತೆ ವಾಂತಿ ಬಂತು. "ಹಿಡ್ಕೋ" ಅಂದ್ರು. ಹಗಲಾಗೆ, ಜನರ ನಡುವೆ, ನಾನು ಅವರನ್ನ ಮುಟ್ಟಿದ್ದು ಮದುವೆ ದಿನ ಬಿಟ್ರೆ ಅವತ್ತೇ.

ಇನ್ನು ಊಟದ ಫಜೀತಿ ಕೇಳು. ಅಲ್ಲಿ ರೆಸ್ಟ್ ಹೌಸ್ ಅಂತಾರೆ, ಪ್ರವಾಸಿ ಬಂಗ್ಲೆ ಇದ್ದಂಗೆ. ಗಂಡ ಹೆಂಡತಿಗೆ ಅಂತ ಒಂದೊಂದು ಮೇಜು, ಎದುರಾಬದುರು ಎರಡು ಕುರ್ಚಿ. ಬಿಳೀ ಬಟ್ಟೆ ಹಾಕಿದ ಆಳು ಬಂದು ಎರಡೂ ತಟ್ಟೆಗೆ ಒಟ್ಟಿಗೇ ಬಡಿಸಿಬಿಟ್ಟ. ನಾನು ಹೆಂಗೆ ಉಣ್ಲಿ? ಇವರು ಉಂಡಮೇಲೆ ತಾನೇ ನಾನು ಉಣ್ಣೋದು? ಎದ್ದು ಕುರ್ಚಿ ಹಿಂದೆ ನಿಂತೆ. ಇವರಿಗೆ ನಾನು ನಿಂತಿದ್ದು ನಾಚಿಕೆ, ಕೂತಿದ್ರೂ ನಾಚಿಕೆ. ಊಟ ಸರಿ ಇಲ್ಲೇನೋ ಅಂತ ಆಳು ಇನ್ನೊಂದು ಪಲ್ಯ ತಂದಿಟ್ಟ. ನಾನು ಕೂಡಲಿಲ್ಲ. ಮೊಸರು ತಂದಿಟ್ಟ. ಕೂಡಲಿಲ್ಲ. ಇವರು ಗಬಗಬ ನುಂಗಿ ಎದ್ರು, ನಾನು ಇನ್ನೇನು ಕೂಡಬೇಕು, ಅವನು ಬಂದು ಎರಡೂ ತಟ್ಟೆ ಎತ್ಕೊಂಡು ಹೋದ! ಮೊದಲನೇ ದಿನ ನಾನು ಟ್ರಂಕಿನ ಮೇಲೆ ಕೂತು ಮಂಡಕ್ಕಿ ತಿಂದೆ.

ಮಾರನೇ ದಿನಾನೂ ಅದೇ ಕಥೆ ಆಗೋದ್ರಾಗಿತ್ತು. ಆಗ ಇವರು ತಮ್ಮ ಕುರ್ಚೀನ ಕಿಟಕಿ ಕಡೆ ತಿರುಗಿಸಿ, ತಟ್ಟೆ ತೊಡೆ ಮೇಲೆ ಇಟ್ಕೊಂಡು, "ನಾನು ನೋಡಲ್ಲ, ನೀನು ಉಣ್ಣು" ಅಂದ್ರು. ನಾನು ನನ್ನ ಕುರ್ಚೀನ ಗೋಡೆ ಕಡೆ ತಿರುಗಿಸ್ಕೊಂಡೆ. ಬೆನ್ನಿಗೆ ಬೆನ್ನು ಕೊಟ್ಕೊಂಡು ಇಬ್ರೂ ಉಂಡ್ವಿ. ಹಿಂಗೆ ಐತೆ ನೋಡು ನಮ್ಮ ಮೊದಲನೇ ಸಹಭೋಜನ. ಸುಂಕಲಮ್ಮ ಇದನ್ನ ನೋಡಿ ನಕ್ಕು ನಕ್ಕು ನೀರು ನೆತ್ತಿಗೇರಿಸ್ಕೊಂಡ್ರು. ಅವರಿಗೂ ಅದೇ ದಿನ ಶಾಸ್ತಿ ಆತು. ತೆಂಗಿನಕಾಯಿ ಚಟ್ನಿ ಬಾಳ ರುಚಿ ಐತೆ ಅಂತ ಎರಡು ಬಟ್ಟಲು ಉಂಡ ಮೇಲೆ, ಅದರಾಗೆ ಒಣಮೀನಿನ ಪುಡಿ ಹಾಕ್ತಾರೆ ಅಂತ ಗೊತ್ತಾತು. ಪಾಪ, ಆ ತಾಯಿ ಎರಡು ದಿನ ಬರೇ ಬಾಳೆಹಣ್ಣು ತಿಂದ್ರು. ನಾನು ನನ್ನ ಚಟ್ನಿಪುಡಿ ಕೊಟ್ಟೆ.

ಆ ಹಸಿರು ಮಾತ್ರ ಹೆಂಗೆ ಹೇಳ್ಲಿ ನಿನಗೆ. ನಮ್ಮ ಕಡೆ ಹಸಿರು ಅಂದ್ರೆ ಜೋಳ ಎದೆ ಮಟ ಬಂದಾಗ ಎರಡು ತಿಂಗಳು. ಅಲ್ಲಿ ಕಲ್ಲಿನ ಮೇಲೆ ಹಸಿರು, ಗೋಡೆ ಮೇಲೆ ಹಸಿರು, ತಂತಿ ಕಂಬದ ಮೇಲೂ ಬಳ್ಳಿ ಹಬ್ಬೈತೆ. ಕ್ಯಾಂಡಿ ಅಂತ ಊರೈತೆ, ನಡುವೆ ಕೆರೆ, ಸುತ್ತ ಗುಡ್ಡ. ಕೊಂಡಜ್ಜಿ ಕೆರೆ ತುಂಬಿದಾಗ ನಾವು ನೋಡಾಕೆ ಹೋಗಿದ್ವಲ್ಲ, ಅದನ್ನ ತೊಳೆದು ಒರೆಸಿ ಇಟ್ಟಂಗೈತೆ. ಅಲ್ಲಿ ಬುದ್ಧನ ಗುಡಿಗೆ ಹೋಗಿ ತಾವರೆ ಹೂವು ಇಟ್ಟು ಬಂದೆ. ಯಾವ ದೇವರಾದ್ರೇನು, ನಮ್ಮ ಮನೆ ವಿಷಯ ಒಂದು ಹೇಳಿಟ್ಟಿರೋಣ ಅಂತ.

ಅದರ ಮಾರನೇ ದಿನಾನೇ ಆ ಘಟನೆ ಆಗಿದ್ದು. ಕ್ಯಾಂಡಿ ಪಕ್ಕ ಪೇರಾದೆನಿಯ ಅಂತ ದೊಡ್ಡ ತೋಟ ಐತೆ, ಲೋಕದಾಗಿನ ಮರ ಎಲ್ಲಾ ಅಲ್ಲೈತೆ. ಯಾವಾಗಿನಂಗೆ ಇವರು ಮುಂದೆ, ನಾನು ಹಿಂದೆ. ಹನ್ನೆರಡು ವರ್ಷದಾಗೆ ಇವರು ಹಾದಿಯಾಗೆ ಒಂದು ಸಲನೂ ಹಿಂದೆ ತಿರುಗಿ ನೋಡಿದೋರಲ್ಲ. ನಮ್ಮ ಮನೆ ಗಂಡಸರು ಯಾರೂ ನೋಡಲ್ಲ. ಹೆಂಡತಿ ಬಂದಾಳು ಬಿಡು, ಎಲ್ಲಿ ಹೋಗ್ತಾಳೆ ಅಂತ. ನಾನು ಒಂದು ದೊಡ್ಡ ಅತ್ತಿ ಜಾತಿ ಮರದ ಕೆಳಗೆ ನಿಂತುಬಿಟ್ಟೆ ಬಾನು. ಅದರ ನೆರಳಾಗೆ ಒಂದು ಮದುವೆ ಊಟ ಹಾಕಬಹುದು. ಬೇರು ನನ್ನ ಸೊಂಟದ ಮಟ ಎದ್ದು ಗೋಡೆ ಗೋಡೆಯಂಗೆ ಹರಿದೈತೆ. ನೋಡ್ತಾ ನೋಡ್ತಾ ಎಷ್ಟು ಹೊತ್ತಾತೋ ಗೊತ್ತಿಲ್ಲ. ತಲೆ ಎತ್ತಿದ್ರೆ ಯಾರೂ ಇಲ್ಲ. ಗೇಟಿಗೆ ಓಡಿದ್ರೆ ಬಸ್ಸೂ ಇಲ್ಲ.

ಗೈಡು ಬಸ್ಸಿನಾಗೆ ಒಬ್ಬೊಬ್ಬ ಗಂಡಸಿಗೂ "ನಿಮ್ಮೋರು ಬಂದ್ರಾ?" ಅಂತ ಕೇಳಿದ್ನಂತೆ. ಇವರು ಮುಂದಿನ ಸೀಟಿನಾಗೆ ಕೂತು, ತಿರುಗಿ ನೋಡದೇನೇ "ಬಂದ್ಲು" ಅಂದ್ರಂತೆ! ಏಳೆಂಟು ಮೈಲಿ ಹೋಗಿ ಒಂದು ಊರಾಗೆ ಟೀ ಕುಡಿಯಾಕೆ ಇಳಿದಾಗ ಸುಂಕಲಮ್ಮ "ಎಲ್ಲಿ ನಿಮ್ಮಾಕಿ?" ಅಂದ ಮೇಲೆ ಇವರಿಗೆ ಎಚ್ಚರ ಆಗಿದ್ದು.

ನಾನು ಮೊದಲು ಅತ್ತುಬಿಟ್ಟೆ, ಸುಳ್ಳು ಯಾಕ ಹೇಳ್ಲಿ. ಭಾಷೆ ಬರಲ್ಲ, ಕೈಯಾಗೆ ಏನೂ ಇಲ್ಲ, ಹೆಗಲಿಗೆ ಒಂದು ಮಂಡಕ್ಕಿ ಚೀಲ. ಇವರ ಹೆಸರು ಹೇಳಿ ಯಾರನ್ನಾದ್ರೂ ಕೇಳಾಣ ಅಂದ್ರೆ ಗಂಡನ ಹೆಸರು ಬಾಯಾಗೆ ಬರ್ತೈತಾ? ಅಲ್ಲಿ ಎಲೆ ಗುಡಿಸೋ ಒಬ್ಬ ಅಜ್ಜಿ ಬಂದು ನನ್ನ ಬೆನ್ನು ಸವರಿ ಏನೋ ಅಂದ್ಲು. ಅರ್ಥ ಆಗದಿದ್ರೂ ಸಮಾಧಾನ ಆತು. ಇಬ್ರೂ ಬೇರಿನ ಮೇಲೆ ಕೂತು ಮಂಡಕ್ಕಿ ತಿಂದ್ವಿ. ಅವಳು ಒಂದೊಂದೇ ಕಾಳು ಬಾಯಿಗೆ ಹಾಕ್ಕೊಂಡು, ಇದೇನು ನೋಡಾಕೆ ಇಷ್ಟೈತೆ ತಿನ್ನಾಕೆ ಏನೂ ಇಲ್ಲ ಅನ್ನಂಗೆ ನನ್ನ ಮುಖ ನೋಡೋಳು.

ಅಷ್ಟರಾಗೆ ದೂರದಿಂದ ಯಾರೋ "ಕೊಟ್ರವ್ವಾ! ಕೊಟ್ರವ್ವಾ!" ಅಂತ ಕೂಗೋದು ಕೇಳಿಸ್ತು. ಇಲ್ಲಿ ನನ್ನ ಹೆಸರು ಬಲ್ಲೋರು ಯಾರಪ್ಪಾ ಅಂದ್ಕೊಂಡೆ. ನೋಡಿದ್ರೆ ಇವರೇ! ತೆಂಗಿನಕಾಯಿ ಲಾರಿ ಹತ್ತಿ ವಾಪಸ್ ಬಂದೋರು, ಅಂಗಿ ಎಲ್ಲಾ ನಾರು ಮೆತ್ಕೊಂಡು, ತಾಳೆ ಮರದ ಸಾಲಿನ ನಡುವೆ ಹುಚ್ಚರಂಗೆ ಓಡಿ ಬರ್ತಿದ್ರು. ಬಾನು, ಹನ್ನೆರಡು ವರ್ಷದಾಗೆ ನನ್ನ ಹೆಸರನ್ನ ಅವರ ಬಾಯಾಗೆ ಕೇಳಿದ್ದು ಅದೇ ಮೊದಲು. ಮೈ ಜುಂ ಅಂತು.

ಬಂದೋರೇ ಸಿಟ್ಟು ಮಾಡಿದ್ರು. "ಹಿಂದೆ ಬರ್ತಾ ಇದ್ದೀ ಅಂದ್ಕೊಂಡಿದ್ದೆ!" ಅಂದ್ರು. ನನಗೂ ಎಲ್ಲಿತ್ತೋ ಧೈರ್ಯ, "ಹನ್ನೆರಡು ವರ್ಷ ಬಂದೀನಿ. ಇವತ್ತು ಮರ ನೋಡ್ತಾ ನಿಂತೆ" ಅಂದೆ. ಇವರು ಆ ಬೇರಿನ ಮೇಲೆ ಧಪ್ಪನೆ ಕೂತು ಮಂಡಕ್ಕಿ ಚೀಲಕ್ಕೆ ಕೈ ಹಾಕಿದ್ರು.

ಅತ್ತೆಯೋರು ಕೂಗ್ತಿದ್ದಾರೆ, ಮೆಣಸಿನಕಾಯಿ ತಿರುವಬೇಕಂತೆ. ಉಳಿದಿದ್ದು ಆಮೇಲೆ.

೭-೩-೧೯೫೭, ಗುರುವಾರ

ಮೂರು ದಿನ ಬಿಟ್ಟು ಕೂತೀನಿ. ಮಗನಿಗೆ ಕೆಮ್ಮು ಬಂದಿತ್ತು, ಈಗ ಆಡ್ಕೊಂಡಿದ್ದಾನೆ.

ಬಸ್ಸು ನಮಗೆ ಕಾಯಲಿಲ್ಲ. ಸಂಜೆ ರೈಲಿಗೆ ಮುಂದಿನ ಊರಿಗೆ ಬಂದು ಸೇರ್ಕೊಳ್ರಿ ಅಂತ ಗೈಡು ಹೇಳಿ ಕಳಿಸಿದ್ನಂತೆ. ಹಂಗಾಗಿ ಆ ತೋಟದಾಗೆ ನಮಗೆ ಐದು ತಾಸು ಸಿಕ್ಕಿದ್ವು. ಅತ್ತೆ ಇಲ್ಲ, ನೆಗೆಣ್ಣಿ ಇಲ್ಲ, ಸುಂಕಲಮ್ಮನೂ ಇಲ್ಲ. ಮೊದಲು ಅರ್ಧ ತಾಸು ಇವರು ಮರ ನೋಡ್ತಾ, ನಾನು ಇವರನ್ನ ನೋಡ್ತಾ ನಡೆದ್ವಿ. ಆಮೇಲೆ ಇವರು ಒಂದು ಮರದ ತೊಗಟೆ ಉಗುರಿನಿಂದ ಕೆರೆದು ಮೂಸಿ ನೋಡಿ, "ಇದು ಮಹಾಗನಿ. ಕೈಯಾಗೆ ಬೆಣ್ಣೆ ಕೊಯ್ದಂಗೆ ಬರ್ತೈತೆ" ಅಂದ್ರು. ಅಷ್ಟೇ ನೋಡು, ಕಟ್ಟೆ ಒಡೀತು.

ಇವರು ಕಾರ್ಖಾನೆಯಾಗೆ ಏನು ಕೆಲಸ ಮಾಡ್ತಾರೆ ಅಂತ ನನಗೆ ಅವತ್ತಿನ ತನಕ ಸರಿಯಾಗಿ ಗೊತ್ತಿರಲಿಲ್ಲ. ಕಬ್ಬಿಣ ಬಡೀತಾರೆ ಅಂದ್ಕೊಂಡಿದ್ದೆ. ಅಲ್ಲವಂತೆ. ಎರಕ ಹೊಯ್ಯೋಕೆ ಮೊದಲು ಮಶೀನಿನ ಒಂದೊಂದು ಭಾಗಾನೂ ಮರದಾಗೆ ಕೆತ್ತಿ ಅಚ್ಚು ಮಾಡಬೇಕಂತೆ, ಆ ಕೆಲಸ ಇವರದ್ದು. ಸಾಗುವಾನಿ ಹೊಟ್ಟಿನ ವಾಸನೆ ಅಂದ್ರೆ ಇವರಿಗೆ ಪ್ರಾಣ ಅಂತೆ. ಒಂದು ಕೂದಲೆಳೆ ಹೆಚ್ಚು ಕಮ್ಮಿ ಆದ್ರೂ ಇಡೀ ಎರಕ ಹಾಳಂತೆ. ಒಂದೊಂದು ಮರದ ಹತ್ತಿರ ನಿಂತು ಇದರ ಗಂಟು ಹೆಂಗೆ, ಇದು ಬಿಸಿಲಿಗೆ ಸೀಳ್ತೈತೋ ಇಲ್ಲೋ, ಇದು ನೀರು ಕುಡಿದ್ರೆ ಎಷ್ಟು ಉಬ್ತೈತೆ ಅಂತ ಹೇಳ್ತಾ ಹೋದ್ರು. ನಾಗಲಿಂಗದ ಮರ ಬಂತು, ನಾನು ಬಿದ್ದ ಹೂವು ಆರಿಸಿದೆ. ಜಾಕಾಯಿ ಮರ ಬಂತು. ಮನೆಯಾಗೆ ಹ್ಞೂಂ, ಉಹ್ಞೂಂ ಬಿಟ್ಟು ಮೂರನೇ ಮಾತು ಆಡದ ಮನುಷ್ಯರು ಇವರೇನಾ ಅಂತ ನಾನು ಪಕ್ಕದಾಗೆ ನಡೀತಾ ಮುಖ ನೋಡಿದ್ದೇ ನೋಡಿದ್ದು.

"ನಿನಗೇನು ಇಷ್ಟ?" ಅಂತ ಒಮ್ಮೆಲೇ ಕೇಳಿದ್ರು.

"ಯಾವುದ್ರಾಗೆ?"

"ಹಂಗೇ. ಉಣ್ಣೋದ್ರಾಗೆ. ಬದನೆಕಾಯಿ ಬಿಟ್ಟು."

"ಬದನೆಕಾಯಿ ಯಾರಿಗೆ ಇಷ್ಟ?"

"ನಿನಗೆ. ವಾರಾ ವಾರಾ ಹರಿಹರದ ಸಂತೆಯಿಂದ ತರ್ತೀನಲ್ಲ, ನಿನಗೆ ಅಂತಾನೇ."

ನನಗೆ ನಗಬೇಕೋ ಅಳಬೇಕೋ ತಿಳೀಲಿಲ್ಲ. ಬದನೆಕಾಯಿ ಉಂಡ್ರೆ ನನ್ನ ನಾಲಿಗೆಗೆ ನವೆ ಬರ್ತೈತೆ! ಮದುವೆ ಆದ ಹೊಸದರಾಗೆ ಅತ್ತೆಯೋರು ಎರಡು ಸಲ ಬಡಿಸಿದ್ದನ್ನ ಸಂಕೋಚಕ್ಕೆ ಉಂಡಿದ್ದೆ. ಅದನ್ನೇ ಹಿಡ್ಕೊಂಡು ಈ ಮನುಷ್ಯರು ಹನ್ನೆರಡು ವರ್ಷ ಮುಳ್ಳುಗಾಯಿ ಹೊತ್ತು ತಂದೀದಾರೆ. "ನನಗೆ ಹೀರೇಕಾಯಿ ಇಷ್ಟ" ಅಂದೆ. ಇವರು ಮಹಾ ಪಾಪ ಮಾಡಿದಂಗೆ ತಲೆ ಆಡಿಸಿ "ಹೀರೇಕಾಯಿ" ಅಂತ ಇನ್ನೊಮ್ಮೆ ಅಂದು ನೆನಪಿಟ್ಕೊಂಡ್ರು.

ಅವತ್ತಿಂದ ಹಿಡಿದು ಉಳಿದ ದಿನ ಎಲ್ಲಾ "ನೀನು ಮುಂದೆ ನಡಿ" ಅಂತ ನನ್ನನ್ನೇ ಮುಂದೆ ಬಿಟ್ರು. ನನಗೆ ಮುಂದೆ ನಡೆಯಾಕೆ ಬರ್ತಿರಲಿಲ್ಲ, ಎರಡು ಹೆಜ್ಜೆಗೊಮ್ಮೆ ತಿರುಗಿ ನೋಡ್ತಿದ್ದೆ. "ಇದ್ದೀನಿ, ನಡಿ" ಅನ್ನೋರು. ಸುಂಕಲಮ್ಮನ ಗಂಡ ಇವರ ಬೆನ್ನು ಚಪ್ಪರಿಸಿ "ನಮ್ಮ ಪಾರ್ಟಿಗೆ ಬಂದ್ರಿ" ಅಂದ್ರು.

ನುವರ ಎಲಿಯ ಅಂತ ಗುಡ್ಡದ ಮೇಲಿನ ಊರಾಗೆ ಎಂಥ ಥಂಡಿ ಅಂ‍ತೀ, ಹಲ್ಲು ಕಟಕಟ. ಗುಡ್ಡ ಗುಡ್ಡನೇ ಟೀ ಗಿಡ. ತಲೆಗೆ ಬುಟ್ಟಿ ಕಟ್ಕೊಂಡ ಹೆಂಗಸರು ಎರಡು ಎಲೆ ಒಂದು ಕುಡಿ ಅಂತ ಚಿವುಟಿ ಹಾಕ್ತಿದ್ರೆ ಕೈ ಕಾಣಲ್ಲ, ಅಷ್ಟು ಚುರುಕು. ಟೀ ಕಾರ್ಖಾನೆಯಾಗೆ ಒಂದು ಚಮಚ ಒಳ್ಳೇ ಟೀ ನೆಕ್ಕಿಸಿದ್ರು, ಹಾಲಿಲ್ಲ, ಸಕ್ಕರೆ ಇಲ್ಲ, ಕಷಾಯ. ನಮ್ಮ ಊರಿಗೆ ಬರೋದು ಕೊನೇ ಜರಡಿಯಾಗೆ ಉಳಿದ ಪುಡಿಯಂತೆ. "ಇದನ್ನ ಅಣ್ಣಂಗೆ ಹೇಳಬ್ಯಾಡ, ಬ್ಯಾಸರ ಮಾಡ್ಕೊಂತಾನೆ" ಅಂದ್ರು ಇವರು. ಅಲ್ಲಿನ ರೆಸ್ಟ್ ಹೌಸಿನಾಗೆ ಕುರ್ಚಿ ತಿರುಗಿಸದೆ ಉಂಡ್ವಿ. ಹೇಳಾಕೆ ಸಣ್ಣ ಮಾತು, ಆದ್ರೆ ನನಗೆ ಹಡಗು ಹತ್ತಿದ್ದಕ್ಕಿಂತ ದೊಡ್ಡದು.

ಗಾಲೆ ಅನ್ನೋ ಊರಾಗೆ ಸಮುದ್ರದ ದಂಡೆಗೇ ಕೋಟೆ. ಮುಂಜಾನೆ ಅದರ ಮೇಲೆ ಇಬ್ರೇ ಹೋಗಿ ಕೂತಿದ್ವಿ. ಕೆಳಗೆ ತೆರೆ ಬಂದು ಕಲ್ಲಿಗೆ ಬಡಿಯೋದು, ತೆಂಗಿನ ಮರ ನೀರಿಗೆ ಬಗ್ಗಿದ್ವು. ಇವತ್ತು ಬಿಟ್ರೆ ಇಲ್ಲ ಅಂತ ಕಣ್ಣು ಮುಚ್ಚಿ ಕೇಳಿಬಿಟ್ಟೆ. "ಹರಿಹರದಾಗೆ ಹೊಸ ಮನೆ ಕೊಡ್ತಾರಂತೆ. ಈ ಸಲ ತಗೊಳ್ರಿ. ನಾನು ಯಾರ ಮೇಲೂ ಚಾಡಿ ಹೇಳ್ತಿಲ್ಲ. ನನಗೆ ನಿಮ್ಮ ಜೊತೆ ಇರಬೇಕು ಅನಿಸ್ತೈತೆ."

ಇವರು ಕೋಟೆ ಕಲ್ಲಿನ ಮೇಲಿನ ಪಾಚಿ ಉಗುರಿನಿಂದ ಕೆರೆದ್ರು. "ಹ್ಞೂಂ. ಹೋದಮೇಲೆ ಅಣ್ಣಂಗೆ ಹೇಳ್ತೀನಿ" ಅಂದ್ರು.

"ಇಷ್ಟು ವರ್ಷ ಯಾಕ ಹೇಳಲಿಲ್ಲ?" ಅಂದೆ.

"ಆ ದೋಣಿ ನೋಡು, ಪಕ್ಕಕ್ಕೆ ಒಂದು ದಿಮ್ಮಿ ಕಟ್ಟೀದಾರೆ, ಮಗುಚಬಾರದು ಅಂತ" ಅಂದ್ರು. ಅಣ್ಣಂಗೆ ಹೆದರೀದಾರೆ, ಪಾಪ, ಅಂತ ನಾನೂ ದೋಣಿ ನೋಡಿದೆ.

ಊರಿಗೆ ಬಂದು ಎರಡು ವಾರ ಆದ್ರೂ ಬಾಯಿ ಬಿಡಲಿಲ್ಲ. ನನಗೆ ಅನ್ನ ಸೇರ್ತಿರಲಿಲ್ಲ. ಶಿವರಾತ್ರಿ ಮುಗಿದ ಮಾರನೇ ದಿನ ಪಡಸಾಲೆಯಾಗೆ ಭಾವನೋರ ಮುಂದೆ ಕೂತು ಎತ್ತಿದ್ರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಭಾವನೋರು ಒಂದೇ ಮಾತಿಗೆ ಆಗಲಿ ಅಂದ್ರು, ಬಾನು! ಅತ್ತೆಯೋರು ಸ್ವಲ್ಪ ಕಣ್ಣೀರು ಹಾಕಿ, ಆಮೇಲೆ ತಾವೇ ಅಟ್ಟದಿಂದ ಹಿತ್ತಾಳೆ ಕೊಡ ಇಳಿಸಿ ಹುಣಸೆಹಣ್ಣು ಹಚ್ಚಿ ಬೆಳಗಿ ಇಟ್ಟೀದಾರೆ. ಮೊನ್ನೆ ಹರಿಹರಕ್ಕೆ ಹೋಗಿ ಮನೆ ನೋಡಿ ಬಂದ್ವಿ. ಎರಡು ಕೋಣೆ, ಒಂದು ಅಡಿಗೆ ಮನೆ, ಹಿತ್ತಲಾಗೆ ನಲ್ಲಿ. ನಿಂತ್ರೆ ಹೊಳೆ ಕಡೆ ಗಾಳಿ ಬರ್ತೈತೆ. ಯುಗಾದಿ ಮುಗಿಸ್ಕೊಂಡು ಹಾಲು ಉಕ್ಕಿಸೋದು. ಒಲೆ ಕಟ್ಟೇನ, ಇವರು ಬ್ಯಾಡ ಅಂದ್ರೂ, ನಾನು ನಿಂತು ಅಡಿಗೆ ಮಾಡೋ ಅಷ್ಟು ಎತ್ತರ ಮಾಡಿಸ್ತೀನಿ. ನೀನು, ಅಮೀರ್ ಜಾನ್ ಅಣ್ಣಾರು, ಮಕ್ಕಳು ಎಲ್ಲರೂ ಬಂದು ಎರಡು ದಿನ ಇರಲೇಬೇಕು. ನನ್ನ ಮನೆಗೆ ಮೊದಲನೇ ನೆಂಟಳು ನೀನು.

ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ, ದೊಡ್ಡವಳು ಚೆನ್ನಾಗಿ ಓದಲಿ, ಸಣ್ಣೋನ ಹಲ್ಲು ಬೇಗ ಬರಲಿ. ನಿನ್ನ ಮಂಡಿ ನೋವು ವಾಸಿಯಾಗಲಿ. ನಿನಗೆ ಅಂತ ಸಿಲೋನಿನಿಂದ ತಂದ ದಾಲ್ಚಿನ್ನಿ ಎತ್ತಿಟ್ಟೀನಿ, ಬಂದು ತಗೊಂಡು ಹೋಗು.

ಇಂತಿ ನಿನ್ನ,
ಕೊಟ್ರವ್ವ

ತಾ.ಕ.: ಕವರು ಅಂಟಿಸಾಕೆ ಅನ್ನದ ಅಗಳು ತರಬೇಕು ಅಂತ ಎದ್ದೋಳು ಮತ್ತೆ ಬಂದು ಕೂತೆ. ನಿನಗೆ ಹೇಳದೆ ಇನ್ಯಾರಿಗೆ ಹೇಳ್ಲಿ.

ಭಾವನೋರು ಅವತ್ತು ಅಂದಿದ್ದನ್ನ ನಾನು ಪೂರಾ ಬರೀಲಿಲ್ಲ. ಇವರು "ಅಣ್ಣಾ, ಹರಿಹರದ ಮನೆ" ಅನ್ನೋದ್ರಾಗೇ ಭಾವನೋರು ಜೋರಾಗಿ ನಕ್ಕು, "ಅಂತೂ ಕೊಟ್ರವ್ವ ಒಪ್ಪಿದ್ಲಾ! ಆರು ವರ್ಷದ ಹಿಂದೇನೇ ಹೋಗೋ ಮಾರಾಯ ಅಂದ್ರೆ, 'ಅವಳು ನಿಮ್ಮನ್ನೆಲ್ಲಾ ಬಿಟ್ಟು ಬರಲ್ಲ ಅಂತ ಅಳ್ತಾಳೆ' ಅಂದಿದ್ದಿ" ಅಂದ್ರು. ಅದಕ್ಕೆ ಅತ್ತೆಯೋರು "ನನ್ನ ಸೊಸೆ ಅಂಥೋಳು" ಅಂತ ಸೆರಗಿನಾಗೆ ಕಣ್ಣು ಒರೆಸ್ಕೊಂಡ್ರು. ಆರು ವರ್ಷದಿಂದ ಅತ್ತೆಯೋರು ಬಂದೋರ ಹೋದೋರ ಮುಂದೆ ನನ್ನನ್ನ ಹೊಗಳಿದ್ದು ಯಾಕ ಅಂತ ನನಗೆ ಆಗ ಗೊತ್ತಾತು.

ನಾನು ಅತ್ತಿದ್ದು ನಿಜಾನೇ ಬಾನು. ಮನೆ ಕೈ ತಪ್ಪಿತಲ್ಲ ಅಂತ ಹಿತ್ತಲಾಗೆ ನಿಂತು ಅತ್ತಿದ್ದೆ. ಭಾವನೋರನ್ನ, ಅತ್ತೆಯೋರನ್ನ ಮನಸ್ಸಿನಾಗೆ ಎಷ್ಟು ಬೈದೀನಿ ಅಂತ ಆ ಶಿವನಿಗೇ ಗೊತ್ತು. ಅವರು ಯಾರೂ ಬ್ಯಾಡ ಅಂದೇ ಇಲ್ಲ.

ಮೊನ್ನೆ ಹರಿಹರದಾಗೆ ಖಾಲಿ ಮನೆಯಾಗೆ ನಿಂತು ಇವರನ್ನ ಕೇಳಿದೆ, ಯಾಕ ಹಂಗೆ ಹೇಳಿದ್ರಿ ಅಂತ. ಕಿಟಕಿ ಬಾಗಿಲು ಸರಿಯಾಗಿ ಕೂಡ್ತೈತೋ ಇಲ್ಲೋ ಅಂತ ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಕೊನೆಗೆ ಹೇಳಿದ್ರು. "ಮಕ್ಕಳು ಮಲಗಿದ ಮೇಲೆ ನೀನು, ನಾನು ಇಬ್ರೇ. ನಿನ್ನ ಜೊತೆ ಏನು ಮಾತಾಡೋದು ಅಂತ ನನಗೆ ಗೊತ್ತಿರಲಿಲ್ಲ. ಹೆದರಿಕೆ ಆತು."

"ಈಗ?" ಅಂದೆ. "ಈಗ ಇಲ್ಲ" ಅಂದ್ರು. ಅದು ನಿಜ, ನನಗೆ ಗೊತ್ತು, ಅದಕ್ಕೆ ಸಂತೋಷಾನೂ ಐತೆ. ಆದ್ರೆ ಆರು ವರ್ಷ ದಿನಾ ಸಂಜೆ ಒಲೆ ಮುಂದೆ ಕೂತು, ಇವರ ಚಪ್ಪಲಿ ಸಪ್ಪಳಕ್ಕೆ ಕಿವಿ ಕೊಟ್ಟು ಕಾಯ್ತಿದ್ದೆ ಕಣೇ. ಆ ಮನುಷ್ಯರಿಗೆ ಹೆದರಿಕೆ ಇದ್ದಿದ್ದು ಅಣ್ಣನದ್ದಲ್ಲ, ಅವ್ವನದ್ದಲ್ಲ, ನನ್ನದು.